ಓಟಗಾರನ ಪಂಚಾಂಗ

ಪರೀಕ್ಷೆಯ ವೇಳಾಪಟ್ಟಿ ಸೂಚನಾ ಫಲಕಕ್ಕೆ ಏರಿದ ದಿನದಿಂದ ವಿದ್ಯಾರ್ಥಿನಿಲಯದ ಕಿಟಕಿಗಳಲ್ಲಿ ದೀಪಗಳು ನಡುರಾತ್ರಿಯವರೆಗೂ ಉರಿಯುವುದನ್ನು ನಾವೆಲ್ಲರೂ ಕಂಡಿದ್ದೇವೆ. ಪುಸ್ತಕಗಳು ವರ್ಷದ ಮೊದಲಿನಿಂದಲೂ ಅಲ್ಲಿಯೇ ಇದ್ದವು. ಓದುವವನ ಬುದ್ಧಿಯೂ ಅದೇ. ಇಲ್ಲದಿದ್ದುದು ಒಂದು ದಿನಾಂಕ ಮಾತ್ರ. ಪರೀಕ್ಷೆ ಮುಗಿದ ಸಂಜೆಯೇ ಆ ದೀಪಗಳು ಆರಿಹೋಗುವುದೂ ಅಷ್ಟೇ ಸಹಜ. ದೂರದ ಓಟವನ್ನು ಅಭ್ಯಾಸ ಮಾಡುವವರ ಪಾಡೂ ಇದಕ್ಕಿಂತ ಬೇರೆಯಲ್ಲ.

ನಮ್ಮ ಅನುಭವವನ್ನೇ ಹೇಳುವುದಾದರೆ, ಮೊದಲ ಹತ್ತು ಕಿಲೊಮೀಟರಿನ ಓಟವನ್ನು ಮುಗಿಸಿ ಬಂದ ದಿನ ಪದಕವನ್ನು ಗೋಡೆಯ ಮೊಳೆಗೆ ತೂಗುಹಾಕಿ, ಬೂಟುಗಳನ್ನು ಅಟ್ಟಕ್ಕೇರಿಸಿದೆವು. ನಾಲ್ಕು ದಿನದ ವಿಶ್ರಾಂತಿ ಎಂದುಕೊಂಡದ್ದು ನಾಲ್ಕು ತಿಂಗಳಾಯಿತು. ಮತ್ತೆ ಬೀದಿಗಿಳಿದಾಗ ಎರಡನೆಯ ಕಿಲೊಮೀಟರಿನಲ್ಲಿಯೇ ಏದುಸಿರು ಬಂದಿತು. ಸೋಮಾರಿತನವೆಂದು ನಮ್ಮನ್ನು ನಾವೇ ಬಯ್ದುಕೊಂಡದ್ದೂ ಆಯಿತು. ಆದರೆ ಆ ಬಯ್ಗುಳಕ್ಕಿಂತ ವಿಜ್ಞಾನದ ಉತ್ತರ ಹೆಚ್ಚು ಉಪಯುಕ್ತವಾಗಿದೆ.

ದಿನಾಂಕಕ್ಕೆ ಇಂಥ ಸೆಳೆತವಿರುವುದೇಕೆ? 1932ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಕ್ಲಾರ್ಕ್ ಹಲ್ ಎಂಬಾತನು, ಗುರಿ ಹತ್ತಿರವಾದಂತೆಲ್ಲ ಅದರ ಆಕರ್ಷಣೆ ಹೆಚ್ಚುತ್ತದೆ ಎಂಬ ವಾದವನ್ನು ಮುಂದಿಟ್ಟನು. ನೇರವಾದ ಓಣಿಯೊಂದರ ತುದಿಯಲ್ಲಿ ಆಹಾರವನ್ನಿಟ್ಟು ಇಲಿಗಳನ್ನು ಓಡಿಸಿ ಆತ ಮಾಡಿದ ಪ್ರಯೋಗಗಳು 1934ರಲ್ಲಿ ಪ್ರಕಟವಾದವು. ಆಹಾರದ ಸಮೀಪಕ್ಕೆ ಬಂದಂತೆ ಇಲಿಗಳ ವೇಗ ಹೆಚ್ಚುತ್ತಿದ್ದಿತು. ಮನುಷ್ಯನು ಇಲಿಯಲ್ಲ, ನಿಜ. ಆದರೆ 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸುಮಾರು 98 ಲಕ್ಷ ಮ್ಯಾರಥಾನ್ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದಾಗ, 3 ಗಂಟೆ, 3 ಗಂಟೆ 30 ನಿಮಿಷ, 4 ಗಂಟೆ ಈ ಮುಂತಾದ ಪೂರ್ಣ ಅಂಕಿಗಳಿಗೆ ತುಸು ಮೊದಲು ಮುಗಿಸಿದವರ ಗುಂಪು ದೊಡ್ಡದಾಗಿಯೂ, ತುಸು ಅನಂತರ ಮುಗಿಸಿದವರ ಗುಂಪು ಸಣ್ಣದಾಗಿಯೂ ಇದ್ದುದು ಕಂಡುಬಂದಿತು. ಗುರಿ ಕಣ್ಣೆದುರಿಗಿದ್ದರೆ ದಣಿದ ಕಾಲೂ ಇನ್ನಷ್ಟು ದುಡಿಯುತ್ತದೆ. ಗುರಿ ದಾಟಿದೊಡನೆ ಆ ಸೆಳೆತ ಇಲ್ಲವಾಗುತ್ತದೆ ಎಂಬುದು ಇದೇ ನಿಯಮದ ಇನ್ನೊಂದು ಮುಖ.

ಮನಸ್ಸು ಹೀಗೆ ಸಡಿಲಗೊಂಡಾಗ ಶರೀರವು ಸುಮ್ಮನೆ ಕಾಯುತ್ತ ಕುಳಿತಿರುವುದಿಲ್ಲ. ಒಬ್ಬನ ಶರೀರವು ನಿಮಿಷಕ್ಕೆ ಗರಿಷ್ಠ ಎಷ್ಟು ಆಮ್ಲಜನಕವನ್ನು ಬಳಸಬಲ್ಲದು ಎಂಬುದು ದೂರದ ಓಟಗಾರನ ಮುಖ್ಯ ಬಂಡವಾಳ. 1984ರಲ್ಲಿ ಎಡ್ವರ್ಡ್ ಕಾಯ್ಲ್ ಮತ್ತು ಆತನ ಸಂಗಡಿಗರು ಚೆನ್ನಾಗಿ ಪಳಗಿದ ಏಳು ಮಂದಿಯ ಅಭ್ಯಾಸವನ್ನು 84 ದಿನ ನಿಲ್ಲಿಸಿ ಪರೀಕ್ಷಿಸಿದರು. ಮೊದಲ 21 ದಿನಗಳಲ್ಲಿಯೇ ಈ ಬಂಡವಾಳ ನೂರಕ್ಕೆ 7ರಷ್ಟು ಕರಗಿತು; ಎಂಟು ವಾರಗಳ ಹೊತ್ತಿಗೆ 16ರಷ್ಟು ಇಳಿದು ನಿಂತಿತು. ಮೊದಲ ನಷ್ಟಕ್ಕೆ ಕಾರಣ ಸ್ನಾಯುವಲ್ಲ, ರಕ್ತ. ಅಭ್ಯಾಸ ನಿಂತ ಕೆಲವೇ ವಾರಗಳಲ್ಲಿ ರಕ್ತದ ದ್ರವಭಾಗ ಕಡಮೆಯಾಗಿ, ಹೃದಯವು ಒಂದೊಂದು ಬಡಿತಕ್ಕೂ ಹೊರದೂಡುವ ರಕ್ತದ ಪ್ರಮಾಣ ಇಳಿಯುತ್ತದೆ. ಅನಂತರದ ವಾರಗಳಲ್ಲಿ, ಸ್ನಾಯುಕೋಶಗಳೊಳಗೆ ಆಮ್ಲಜನಕದಿಂದ ಶಕ್ತಿಯನ್ನು ತೆಗೆಯುವ ಮೈಟೊಕಾಂಡ್ರಿಯಗಳ ಕಿಣ್ವಗಳೂ ಕ್ಷೀಣಿಸುತ್ತವೆ. ಆದರೆ ಅಭ್ಯಾಸದಿಂದ ಸ್ನಾಯುಗಳಲ್ಲಿ ಹೊಸದಾಗಿ ಹುಟ್ಟಿದ್ದ ಲೋಮನಾಳಗಳು ಆ 84 ದಿನಗಳಲ್ಲಿ ನಾಶವಾಗಿರಲಿಲ್ಲ. ನೀರು ಬತ್ತಿದರೂ ಕಾಲುವೆ ಉಳಿದಂತೆ! ಅಟ್ಟದಿಂದ ಬೂಟುಗಳನ್ನು ಇಳಿಸುವವರಿಗೆ ಇದೊಂದು ಸಮಾಧಾನ.

ಹಾಗಾದರೆ ವರ್ಷವಿಡೀ ದಿನವೂ ಬೆವರು ಸುರಿಸಬೇಕೆ? ಬೇಕಿಲ್ಲ. ವಾರಕ್ಕೆ ಆರು ದಿನ ಹತ್ತು ವಾರಗಳ ಕಾಲ ಕಠಿನ ಅಭ್ಯಾಸ ಮಾಡಿದವರು ಅನಂತರ ಅದನ್ನು ವಾರಕ್ಕೆ ಎರಡೇ ದಿನಕ್ಕೆ ಇಳಿಸಿದರೂ, ಗಳಿಸಿದ ಆಮ್ಲಜನಕ ಸಾಮರ್ಥ್ಯವನ್ನು 15 ವಾರ ಉಳಿಸಿಕೊಂಡರೆಂದು ರಾಬರ್ಟ್ ಹಿಕ್ಸನ್ ಎಂಬಾತನು 1981ರಲ್ಲಿ ತೋರಿಸಿದನು. ಒಂದೇ ಒಂದು ಷರತ್ತು: ಆ ಎರಡು ದಿನದ ಓಟ ಮೊದಲಿನಷ್ಟೇ ಬಿರುಸಾಗಿರಬೇಕು. ಬಿರುಸನ್ನು ತಗ್ಗಿಸಿದರೆ ಸಾಮರ್ಥ್ಯವೂ ತಗ್ಗುತ್ತದೆ. ಒಬ್ಬಂಟಿಯಾಗಿ ಬಿರುಸಾಗಿ ಓಡುವುದು ಎಷ್ಟು ಬೇಸರದ ಕೆಲಸವೆಂಬುದನ್ನು ಬಲ್ಲವರೇ ಬಲ್ಲರು. ಐದು ಕಿಲೊಮೀಟರಿನ ಸಣ್ಣ ಸ್ಪರ್ಧೆಯೊಂದು ಈ ಬಿರುಸನ್ನು ತಾನಾಗಿಯೇ ತರಿಸುತ್ತದೆ. ಸಣ್ಣ ಓಟಗಳ ನಿಜವಾದ ಪ್ರಯೋಜನ ಇದೇ ಎಂದು ನಮಗೆ ತೋರುತ್ತದೆ; ಪದಕವೂ ಅಲ್ಲ, ಅಂಗಿಯೂ ಅಲ್ಲ.

ಸ್ಪರ್ಧೆ ಒಳ್ಳೆಯದೆಂದು ತಿಂಗಳಿಗೆ ನಾಲ್ಕು ಓಡುವುದು ಮಾತ್ರ ಅವಿವೇಕ. 60 ಕಿಲೊಗ್ರಾಂ ತೂಕದವನು ಒಂದು ಕಿಲೊಮೀಟರ್ ಓಡಲು ಸುಮಾರು 60 ಕಿಲೊಕ್ಯಾಲರಿ ವ್ಯಯಿಸುತ್ತಾನೆ. ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಗ್ಲೈಕೊಜನ್ ರೂಪದಲ್ಲಿ ಕೂಡಿಟ್ಟಿರುವುದು ಸುಮಾರು 2,000 ಕಿಲೊಕ್ಯಾಲರಿಯಷ್ಟು. ಹತ್ತು ಕಿಲೊಮೀಟರಿಗೆ 600 ಸಾಕು, 42.195 ಕಿಲೊಮೀಟರಿನ ಪೂರ್ಣ ಮ್ಯಾರಥಾನಿಗೆ 2,500 ಬೇಕು. ಕೊಬ್ಬು ಜೊತೆಗೆ ಉರಿದರೂ ಕಣಜ ಬಹುಮಟ್ಟಿಗೆ ಬರಿದಾಗುತ್ತದೆ. ಸ್ನಾಯುತಂತುಗಳಲ್ಲಿ ಸೂಕ್ಷ್ಮವಾದ ಹರಕುಗಳೂ ಉಂಟಾಗುತ್ತವೆ. ಓಡಿದ ಪ್ರತಿ ಮೈಲಿಗೆ ಒಂದು ದಿನದಂತೆ ಬಿರುಸಿನ ಓಟವನ್ನು ಬಿಡಬೇಕೆಂದು ಹಳೆಯ ಓಟಗಾರರು ಹೇಳುವುದುಂಟು. ಪ್ರಯೋಗಶಾಲೆಯಲ್ಲಿ ಹುಟ್ಟಿದ ನಿಯಮವಲ್ಲವಾದರೂ ಲೆಕ್ಕ ಸರಿಯಾದ ದಿಕ್ಕಿನಲ್ಲಿಯೇ ಇದೆ: ಹತ್ತು ಕಿಲೊಮೀಟರಿಗೆ ಒಂದು ವಾರ, ಮ್ಯಾರಥಾನಿಗೆ ಸುಮಾರು ಒಂದು ತಿಂಗಳು.

ವರ್ಷವನ್ನು ಒಂದು ಗುರಿಯತ್ತ ಹಂತಹಂತವಾಗಿ ಕಟ್ಟುವುದನ್ನು ಜಗತ್ತಿಗೆ ಮನಗಾಣಿಸಿದವರಲ್ಲಿ ನ್ಯೂಜಿಲೆಂಡಿನ ಆರ್ಥರ್ ಲಿಡಿಯರ್ಡ್ ಪ್ರಮುಖನು. ಬೂಟಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಈತ ತನ್ನ ಶಿಷ್ಯರನ್ನು ಮೊದಲು ಹಲವು ವಾರ ನಿಧಾನವಾದ ದೂರದ ಓಟದಲ್ಲಿಯೂ, ಆಮೇಲೆ ಗುಡ್ಡದ ಏರಿನಲ್ಲಿಯೂ, ಕಟ್ಟಕಡೆಗೆ ಮೈದಾನದಲ್ಲಿ ವೇಗವಾಗಿಯೂ ಓಡಿಸುತ್ತಿದ್ದನು. ಕೇವಲ 800 ಮೀಟರ್ ಓಡುವ ಪೀಟರ್ ಸ್ನೆಲ್ ಕೂಡ ಅಭ್ಯಾಸದಲ್ಲಿ 22 ಮೈಲಿ ಓಡಬೇಕಾಗಿತ್ತು! 1960ರ ರೋಮ್ ಒಲಿಂಪಿಕ್ ಕೂಟದಲ್ಲಿ ಸ್ನೆಲ್ 800 ಮೀಟರಿನಲ್ಲಿ, ಮರ್ರೆ ಹಾಲ್ಬರ್ಗ್ 5,000 ಮೀಟರಿನಲ್ಲಿ ಒಂದೇ ದಿನ ಸ್ವರ್ಣಪದಕ ಗೆದ್ದರು.

ಇನ್ನು ನಮ್ಮ ನಾಡಿನ ವಿದ್ಯಾರ್ಥಿಯ ವರ್ಷವನ್ನು ನೋಡೋಣ. ಮಳೆಗಾಲದ ತಂಪು ನಿಧಾನವಾದ ದೂರದ ಓಟಕ್ಕೆ ಹೇಳಿಮಾಡಿಸಿದ ಕಾಲ. ಮಳೆಗಾಲದ ಕೊನೆಗೆ ಶ್ರೀರಂಗಪಟ್ಟಣದ ಬಳಿ ಕಾವೇರಿಯ ಕಾಲುವೆಯ ಪಕ್ಕದ ಮಣ್ಣಿನ ಹಾದಿಯಲ್ಲಿ ಓಟವೊಂದು ನಡೆಯುತ್ತ ಬಂದಿದೆ. ಅಷ್ಟು ದೂರ ಹೋಗಲಾಗದವರಿಗೆ ಕಾಲೇಜುಗಳ ಗುಡ್ಡಗಾಡು ಓಟವಿದೆ. ಇಲ್ಲಿ ಗಡಿಯಾರವನ್ನು ಮರೆತು ಓಡಬೇಕು. ಆಮೇಲೆ ಚಳಿಗಾಲದಲ್ಲಿ ವರ್ಷದ ಮುಖ್ಯ ಓಟ. 2004ರಲ್ಲಿ ಆರಂಭವಾದ ಮುಂಬಯಿ ಮ್ಯಾರಥಾನ್ ಜನವರಿಯಲ್ಲಿ ಬರುತ್ತದೆ. ಆದರೆ ಅಲ್ಲಿಯ ಕಡಲತೀರದ ಗಾಳಿಯಲ್ಲಿ ತೇವ ಹೆಚ್ಚು. ಬೆವರು ಬೇಗ ಆರದೆ ಮೈಯ ಕಾವು ಏರುತ್ತದೆ. ಸೆಕೆಗೆ ಶರೀರ ಒಗ್ಗಲು ಒಂದೆರಡು ವಾರ ಬೇಕು. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಬೆಂಗಳೂರಿನಿಂದ ಹಿಂದಿನ ರಾತ್ರಿ ಹೋಗಿಳಿದವನು ತನ್ನ ಊರಿನ ವೇಗವನ್ನು ಅಲ್ಲಿ ನಿರೀಕ್ಷಿಸಬಾರದು. ರೈಲಿನ ಖರ್ಚನ್ನೂ ಲೆಕ್ಕ ಹಾಕಿದರೆ ಊರಿನ ಹತ್ತಿರದ ಓಟವೇ ವಿದ್ಯಾರ್ಥಿಗೆ ಮೇಲು.

ಫೆಬ್ರವರಿ, ಮಾರ್ಚ್ ಪರೀಕ್ಷೆಯ ಕಾಲ. ಹೆಚ್ಚಿನವರ ಓಟ ನಿಲ್ಲುವುದು ಇಲ್ಲಿಯೇ. ಹಿಕ್ಸನ್ನನ ಎರಡು ದಿನಗಳನ್ನು ನೆನೆಯಬೇಕಾದುದೂ ಇಲ್ಲಿಯೇ: ವಾರಕ್ಕೆ ಎರಡು ಬಾರಿ, ಒಮ್ಮೆಗೆ ಮುಕ್ಕಾಲು ಗಂಟೆ, ಮೈ ಬೆಚ್ಚಗಾದ ಮೇಲೆ ಬಿರುಸಾಗಿ. ಅಷ್ಟು ಹೊತ್ತನ್ನು ಕೊಟ್ಟುದರಿಂದ ಯಾರ ಅಂಕಗಳೂ ಇಳಿಯಲಾರವು. ಪರೀಕ್ಷೆ ಮುಗಿದ ಮೇಲೆ ಎದುರಿಗೆ ಒಂದು ದಿನಾಂಕವಿರಲಿ. ಬೆಂಗಳೂರಿನಲ್ಲಿ 2008ರಿಂದ ಬೇಸಿಗೆಯಲ್ಲಿ ನಡೆಯುತ್ತಿರುವ ಹತ್ತು ಕಿಲೊಮೀಟರಿನ ಓಟ ಮೊದಲು ಮೇ ತಿಂಗಳಿನಲ್ಲಿದ್ದು, 2024ರಲ್ಲಿಯೂ 2025ರಲ್ಲಿಯೂ ಏಪ್ರಿಲ್ ಕೊನೆಗೆ ಬಂದಿತು. ಇದಕ್ಕೆ ಹೆಸರು ಕೊಡುವ ದಿನವೇ ಗೋಡೆಯ ಕ್ಯಾಲೆಂಡರಿನಲ್ಲಿ ಮಳೆಗಾಲದ ಓಟವನ್ನೂ ಗುರುತುಹಾಕಿಡುವುದು ಕ್ಷೇಮ. ಮುಗಿದ ಮೇಲೆ ಹುಡುಕಲು ಹೊರಟರೆ ಹುಡುಕುವ ಮನಸ್ಸೇ ಉಳಿದಿರುವುದಿಲ್ಲ. ಪೂರ್ಣ ಮ್ಯಾರಥಾನಿಗೆ ಮುಂಬಯಿಯಲ್ಲಿ 18 ವರ್ಷ ತುಂಬಿರಬೇಕೆಂಬ ನಿಯಮವಿದೆ. ಪ್ರೌಢಶಾಲೆಯ ಮಿತ್ರರು ಅಲ್ಲಿಯವರೆಗೆ ಐದು, ಹತ್ತು ಕಿಲೊಮೀಟರುಗಳಲ್ಲಿ ತಮ್ಮ ಗಡಿಯಾರದೊಡನೆ ಜಗಳವಾಡುತ್ತಿರಬಹುದು.