ಸೂಜಿ ಕೆಳಗಿಡುವ ಹೊತ್ತು

ಶುಗರ್ ಮೀಟರ್ ಹುಟ್ಟಿದ್ದು ರೋಗಿಯ ಕೈಗೆ ಸಿಗಲೆಂದಲ್ಲ. 1970ರ ಆಸುಪಾಸಿನಲ್ಲಿ ಅಮೆರಿಕದ ಏಮ್ಸ್ ಕಂಪನಿ ತಂದ, ಕಿಲೋಗೂ ಮಿಗಿಲಾದ ತೂಕದ ಆ ಪೆಟ್ಟಿಗೆಯನ್ನು ವೈದ್ಯರಿಗಷ್ಟೇ ಮಾರುತ್ತಿದ್ದರು. ರಾತ್ರಿ ಲ್ಯಾಬ್ ಮುಚ್ಚಿದ ಮೇಲೆ ಎಚ್ಚರ ತಪ್ಪಿ ಆಸ್ಪತ್ರೆಗೆ ಬಂದವನು ಕುಡಿದು ಬಿದ್ದವನೋ, ಡಯಾಬಿಟಿಸ್ ಇದ್ದವನೋ ಎಂದು ಗುರುತಿಸಲು ಅದು ಬೇಕಿತ್ತು. ಹನ್ನೆರಡನೇ ವಯಸ್ಸಿನಿಂದಲೂ ಈ ಕಾಯಿಲೆಯಿದ್ದ ಎಂಜಿನಿಯರ್ ರಿಚರ್ಡ್ ಬರ್ನ್‌ಸ್ಟೈನ್, ವೈದ್ಯೆಯಾಗಿದ್ದ ಹೆಂಡತಿಯ ಹೆಸರಿನಲ್ಲಿ ಒಂದನ್ನು ತರಿಸಿಕೊಂಡು ದಿನಕ್ಕೆ ಹಲವು ಸಲ ತಮ್ಮ ಬೆರಳು ಚುಚ್ಚಿಕೊಂಡರು. ಸಕ್ಕರೆಯನ್ನು ಹತೋಟಿಯಲ್ಲಿಟ್ಟರೆ ತೊಂದರೆ ತಗ್ಗುತ್ತದೆ ಎಂದು ಅವರು ಕಂಡುಕೊಂಡದ್ದಕ್ಕೆ ವೈದ್ಯಲೋಕ ಕಿವಿಗೊಡಲಿಲ್ಲ. ನಲವತ್ತೈದರ ಹೊತ್ತಿಗೆ ತಾವೇ ಮೆಡಿಕಲ್ ಕಾಲೇಜು ಸೇರಿದರು.

ಅವರ ಹಟ ಗೆದ್ದಿತು. 1993ರಲ್ಲಿ 1,441 ಟೈಪ್ 1 ರೋಗಿಗಳ ಡಿಸಿಸಿಟಿ ಅಧ್ಯಯನ ಹೊರಬಿತ್ತು: ಸಕ್ಕರೆಯನ್ನು ಬಿಗಿಯಾಗಿ ಹಿಡಿದಿಟ್ಟರೆ ಕಣ್ಣು, ಕಿಡ್ನಿ, ನರಗಳ ತೊಂದರೆ ತಗ್ಗುತ್ತದೆ. ಆದರೆ ಆ ಲಾಭ ಕೈಸೇರಲು ವರ್ಷಗಳೇ ಬೇಕು. ಉಳಿದಿರುವುದು ಕೆಲವೇ ವಾರವಾದರೆ?

ಸಿಸಿಲಿ ಸಾಂಡರ್ಸ್ 1967ರಲ್ಲೇ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದು, ಸಾಯುವವರಿಗೆ ನೆಮ್ಮದಿಯೇ ಮೊದಲ ಔಷಧಿ ಎಂಬ ದಾರಿ ಹಾಕಿದ್ದರು. ಸಕ್ಕರೆಯ ಲೆಕ್ಕ ಮಾತ್ರ ಅಷ್ಟು ಸುಲಭಕ್ಕೆ ಸಡಿಲವಾಗಲಿಲ್ಲ. ಅಮೆರಿಕದ ಮಾಜಿ ಸೈನಿಕರ ನರ್ಸಿಂಗ್ ಹೋಮ್‌ಗಳಲ್ಲಿ ಹಾಸ್ಪಿಸ್ ಆರೈಕೆಯಲ್ಲಿದ್ದ ಟೈಪ್ 2 ರೋಗಿಗಳ ದಾಖಲೆಗಳನ್ನು ಸಂಶೋಧಕರು ಬಿಡಿಸಿ ನೋಡಿದಾಗ, ಇನ್ಸುಲಿನ್ ಪಡೆಯುತ್ತಿದ್ದ ಮೂವರಲ್ಲಿ ಒಬ್ಬರಿಗಾದರೂ ಶುಗರ್ ಅಪಾಯದ ಮಟ್ಟಕ್ಕೆ ಇಳಿದಿತ್ತು. ಊಟ ಕಡಿಮೆಯಾಗಿದೆ, ಕಿಡ್ನಿ ಸೋತಿದೆ, ಚುಚ್ಚುಮದ್ದು ಮಾತ್ರ ಹಳೆಯ ಲೆಕ್ಕದಲ್ಲೇ ನಡೆದಿದೆ!

ಬ್ರಿಟನ್ನಿನ ಡಯಾಬಿಟಿಸ್ ಯುಕೆ ಸಂಸ್ಥೆ ಇದಕ್ಕೆಂದೇ ಮಾರ್ಗಸೂಚಿ ತಂದದ್ದು 2012ರಲ್ಲಿ. ಅದರಲ್ಲಿ ರಕ್ತದ ಸಕ್ಕರೆಯ ಗುರಿ ನಮ್ಮ ಲೆಕ್ಕದಲ್ಲಿ (ಮಿ.ಗ್ರಾಂ/ಡೆ.ಲೀ.) 108ರಿಂದ 270. ಬೇರೆ ಸಮಯದಲ್ಲಿ 270 ಎಂದರೆ ಡಾಕ್ಟರ ಬೈಗುಳ ಖಚಿತ. ಇಲ್ಲಿ ನೋಡುವುದು ರೋಗಿಗೆ ಬಾಯಾರಿಕೆ, ಪದೇ ಪದೇ ಮೂತ್ರ, ಬೆವರು, ನಡುಕ ಬಾರದಂತೆ ಇಡುವುದನ್ನಷ್ಟೇ. ಕೊನೆಯ ದಿನಗಳಲ್ಲಿ, ಪಥ್ಯ ಅಥವಾ ಮೆಟ್‌ಫಾರ್ಮಿನ್ ಮೇಲಿದ್ದ ಟೈಪ್ 2 ರೋಗಿಗೆ ಪರೀಕ್ಷೆಯೇ ಬೇಡ. ಟೈಪ್ 1ರವರಿಗೆ ಇನ್ಸುಲಿನ್ ಪೂರ್ತಿ ನಿಲ್ಲಿಸುವಂತಿಲ್ಲ, ನಿಲ್ಲಿಸಿದರೆ ರಕ್ತದಲ್ಲಿ ಕೀಟೋನ್ ಏರಿ ಸಂಕಟ ಹೆಚ್ಚುತ್ತದೆ. ಅವರಿಗೆ ದಿನಕ್ಕೊಂದು ದೀರ್ಘಕಾಲ ಕೆಲಸ ಮಾಡುವ ಚುಚ್ಚುಮದ್ದು, ಸಂಜೆಯ ಚಹಾದ ಹೊತ್ತಿಗೆ ಒಂದೇ ಪರೀಕ್ಷೆ. 144ಕ್ಕಿಂತ ಕೆಳಗಿದ್ದರೆ ಡೋಸ್ ಇಳಿಸಬೇಕು, 360 ದಾಟಿದರೆ ಏರಿಸಬೇಕು.

ಇಷ್ಟಾದರೂ ಮನೆಯವರನ್ನು ಒಪ್ಪಿಸುವುದು ಸಲೀಸಲ್ಲ. ದಶಕಗಳ ಕಾಲ ಚಾರ್ಟ್ ಬರೆದಿಟ್ಟವರಿಗೆ ಚುಚ್ಚುವುದನ್ನು ನಿಲ್ಲಿಸುವುದೆಂದರೆ ಕೈಬಿಟ್ಟಂತೆಯೇ ಕಾಣುತ್ತದೆ. ಅದನ್ನು ಬಲ್ಲವರೇ ಬರೆದಿರಬೇಕು: ಮಾರ್ಗಸೂಚಿಯ ಅಂತಿಮ ದಿನಗಳ ಪುಟದಲ್ಲಿ ಡೋಸಿನ ಲೆಕ್ಕಕ್ಕಿಂತ ಮೊದಲೇ ಬರುವ ಸೂಚನೆ, ರೋಗಿಯೊಡನೆ ಇಲ್ಲವೇ ಮನೆಯವರೊಡನೆ ಕೂತು ಮಾತಾಡಿ ಎಂಬುದು.