ನಿಮಗಿದು ಗೊತ್ತೆ?: ಎರಡೇ ದಿನದಲ್ಲಿ ಮುಗಿದ ವಿಶ್ವಕಪ್!

● ಪುರುಷರ ಮೊದಲ ಒಳಾಂಗಣ ವಿಶ್ವ ಹ್ಯಾಂಡ್‌ಬಾಲ್ ಚಾಂಪಿಯನ್‌ಷಿಪ್ ನಡೆದದ್ದು 1938ರ ಫೆಬ್ರುವರಿ 5 ಮತ್ತು 6ರಂದು, ಬರ್ಲಿನ್ನಿನ ಡಾಯಿಚ್‌ಲಾಂಡ್‌ಹಾಲೆ ಕ್ರೀಡಾಂಗಣದಲ್ಲಿ.

● ಆಡಿದ್ದು ನಾಲ್ಕೇ ತಂಡಗಳು. ಫೈನಲ್ ಪಂದ್ಯವೇ ಇರಲಿಲ್ಲ. ಪ್ರತಿ ತಂಡವೂ ಉಳಿದ ಮೂರನ್ನು ಎದುರಿಸಿತು. ಮೂರೂ ಪಂದ್ಯ ಗೆದ್ದ ಜರ್ಮನಿ ಚಾಂಪಿಯನ್ ಆಯಿತು. ಆಸ್ಟ್ರಿಯಾ, ಸ್ವೀಡನ್, ಡೆನ್ಮಾರ್ಕ್ ನಂತರದ ಸ್ಥಾನ ಪಡೆದವು.

● ಎರಡನೇ ಸ್ಥಾನ ಪಡೆದ ಆಸ್ಟ್ರಿಯಾವನ್ನು ಮರುತಿಂಗಳೇ ನಾಜಿ ಜರ್ಮನಿ ತನ್ನೊಳಗೆ ಸೇರಿಸಿಕೊಂಡಿತು.

● ಆಗ ಹೆಚ್ಚು ಜನಪ್ರಿಯವಾಗಿದ್ದದ್ದು ಫುಟ್‌ಬಾಲ್ ಮೈದಾನದಲ್ಲಿ ತಂಡಕ್ಕೆ 11 ಮಂದಿಯಂತೆ ಆಡುತ್ತಿದ್ದ ಹೊರಾಂಗಣ ಹ್ಯಾಂಡ್‌ಬಾಲ್. ಅದರ ವಿಶ್ವ ಚಾಂಪಿಯನ್‌ಷಿಪ್ ಕೂಡ ಅದೇ ವರ್ಷ ಜರ್ಮನಿಯಲ್ಲೇ ನಡೆಯಿತು. ಫೈನಲ್‌ನಲ್ಲಿ ಸ್ವಿಟ್ಜರ್ಲೆಂಡ್ ವಿರುದ್ಧ ಜರ್ಮನಿ 23–0 ಗೋಲುಗಳಿಂದ ಗೆದ್ದಿತು!

● ಮಹಾಯುದ್ಧದಿಂದಾಗಿ ಎರಡನೇ ಒಳಾಂಗಣ ಚಾಂಪಿಯನ್‌ಷಿಪ್‌ಗೆ 16 ವರ್ಷ ಕಾಯಬೇಕಾಯಿತು. 1954ರಲ್ಲಿ ಸ್ವೀಡನ್ ತನ್ನ ನೆಲದಲ್ಲೇ ಗೆದ್ದಿತು.

● ಇಂದಿನ ಆಟಕ್ಕೆ 40 ಮೀಟರ್ ಉದ್ದ, 20 ಮೀಟರ್ ಅಗಲದ ಅಂಕಣ. ಗೋಲ್‌ಕೀಪರ್ ಸೇರಿ ತಂಡಕ್ಕೆ 7 ಮಂದಿ. 30 ನಿಮಿಷಗಳ ಎರಡು ಅವಧಿ. ಚೆಂಡು ಹಿಡಿದು ಮೂರು ಹೆಜ್ಜೆಗಿಂತ ಹೆಚ್ಚು ಇಡುವಂತಿಲ್ಲ.

● ಏಷ್ಯನ್ ಕ್ರೀಡಾಕೂಟಕ್ಕೆ ಹ್ಯಾಂಡ್‌ಬಾಲ್ ಕಾಲಿಟ್ಟದ್ದು ನಮ್ಮ ದೆಹಲಿಯಲ್ಲಿ, 1982ರಲ್ಲಿ. ಅಂದು ಪುರುಷರ ವಿಭಾಗ ಮಾತ್ರ ಇತ್ತು. ಚೀನಾ ಚಿನ್ನ, ಜಪಾನ್ ಬೆಳ್ಳಿ, ದಕ್ಷಿಣ ಕೊರಿಯಾ ಕಂಚು ಗೆದ್ದವು.

● 2023ರಲ್ಲಿ ಜೈಪುರದಲ್ಲಿ ಮೊದಲ ಪ್ರೀಮಿಯರ್ ಹ್ಯಾಂಡ್‌ಬಾಲ್ ಲೀಗ್ ನಡೆಯಿತು. ಅದರಲ್ಲಿ ಗುಜರಾತಿನ ಹೆಸರಿನಲ್ಲಿ ಆಡಿದ ತಂಡ ‘ಗರ್ವಿತ್ ಗುಜರಾತ್’.

● ನಾಲ್ಕು ತಂಡಗಳಿಂದ ಶುರುವಾದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 2025ರಲ್ಲಿ ಆಡಿದ್ದು 32 ತಂಡಗಳು. 1938ರಲ್ಲಿ ಕೊನೆಯ ಸ್ಥಾನದಲ್ಲಿದ್ದ ಡೆನ್ಮಾರ್ಕ್, 2025ರಲ್ಲಿ ಸತತ ನಾಲ್ಕನೇ ಸಲ ಕಿರೀಟ ಧರಿಸಿತು.