ನರುಲಿ ಉದುರಿತು, ಹೆಸರು ಯಾರಿಗೆ?

ಕೈ ಮೇಲೆ ನರುಲಿ ಎದ್ದ ಹುಡುಗನಿಗೆ ಕೊಪ್ಪಳ ಸೀಮೆಯ ಯಾವ ಊರಿನಲ್ಲೂ ಔಷಧದ ಬರವಿಲ್ಲ. ‘ಎಕ್ಕಿ ಹಾಲ ಹಚ್ಚು, ತಾನಾ ಉದರ್ತೈತಿ’ ಎನ್ನುವ ಅಜ್ಜಿ ಇರುತ್ತಾಳೆ. ಕುದುರೆ ಬಾಲದ ಕೂದಲು ತಂದು ಬುಡಕ್ಕೆ ಬಿಗಿಯಲು ಹೇಳುವ ಕಾಕಾ ಇರುತ್ತಾನೆ. ಸುಣ್ಣಕ್ಕೆ ಸೋಡಾ ಕಲಸುವವರು, ಬೆಳ್ಳುಳ್ಳಿ ಜಜ್ಜಿ ಕಟ್ಟುವವರು, ಊದಿನಕಡ್ಡಿಯ ಕೆಂಡ ಇಟ್ಟು ಸುಡುವ ಗೆಳೆಯರೂ ಸಿಗುತ್ತಾರೆ. ಇದ್ಯಾವುದೂ ಬೇಡವೆಂದರೆ ದೇವರಿಗೆ ಉಪ್ಪಿನ ಹರಕೆ. ತಮಿಳುನಾಡಿನ ವೈದೀಶ್ವರನ್ ಕೋಯಿಲ್‌ನಲ್ಲಿ ಇಂಥದೇ ತೊಂದರೆ ಇರುವವರು ಉಪ್ಪು, ಮೆಣಸು ಒಪ್ಪಿಸುತ್ತಾರೆ, ಕೊಳದಲ್ಲಿ ಬೆಲ್ಲ ಕರಗಿಸುತ್ತಾರೆ. ಪ್ರತಿಯೊಬ್ಬರ ಬಳಿಯೂ ಒಬ್ಬ ಸಾಕ್ಷಿ ಇದ್ದೇ ಇರುತ್ತಾನೆ: ‘ನಮ್ಮ ತಮ್ಮನ ಮಗನಿಗೆ ಹೋಯ್ತು ನೋಡ್ರಿ.’

ಅವರು ಸುಳ್ಳು ಹೇಳುತ್ತಿಲ್ಲ. ನರುಲಿ ಹೋದದ್ದು ನಿಜ. ಆದರೆ ಹಚ್ಚಿದ್ದಕ್ಕೇ ಹೋಯಿತೇ, ಹಚ್ಚದಿದ್ದರೂ ಹೋಗುತ್ತಿತ್ತೇ ಎಂಬುದನ್ನು ಯಾರೂ ಕೇಳುವುದಿಲ್ಲ.

ನರುಲಿ ವೈರಸ್‌ನಿಂದ ಬರುತ್ತದೆ. ಇಟಲಿಯ ವೈದ್ಯ ಜ್ಯುಸೆಪೆ ಚುಫೋ 1907ರಲ್ಲೇ ಇದನ್ನು ತೋರಿಸಿದರು. ನರುಲಿಯ ಸಾರವನ್ನು ಬ್ಯಾಕ್ಟೀರಿಯಾ ಕೂಡ ದಾಟಲಾರದಷ್ಟು ಸಣ್ಣ ಜಾಲರಿಯಲ್ಲಿ ಸೋಸಿ ಚರ್ಮಕ್ಕೆ ಸೇರಿಸಿದರೂ ಹೊಸ ನರುಲಿ ಎದ್ದಿತ್ತು. ಇಂದು ಆ ವೈರಸ್‌ಗಳ ಕುಲಕ್ಕೆ ಎಚ್‌ಪಿವಿ ಎನ್ನುತ್ತಾರೆ. ಅದರಲ್ಲಿ ಇನ್ನೂರಕ್ಕೂ ಹೆಚ್ಚು ಬಗೆಗಳಿವೆ. ಗರ್ಭಕಂಠದ ಕ್ಯಾನ್ಸರ್‌ಗೆ ಕಾರಣವಾಗುವವು ಬೇರೆ, ಕೈಕಾಲಿನ ನರುಲಿಗೆ ಕಾರಣವಾಗುವವು ಬೇರೆ. ಆದ್ದರಿಂದ ಹೆಸರು ಕೇಳಿ ಹೆದರಬೇಕಿಲ್ಲ. ಈ ವೈರಸ್ ರಕ್ತಕ್ಕೆ ಇಳಿಯುವುದಿಲ್ಲ, ಚರ್ಮದ ಮೇಲ್ಪದರದಲ್ಲಿ ಮಾತ್ರ ಮನೆ ಮಾಡುತ್ತದೆ. ದೇಹದ ಕಾವಲು ಪಡೆಗೆ ಅದು ಬೇಗ ಕಣ್ಣಿಗೆ ಬೀಳದಿರಲು ಇದೇ ಕಾರಣ. ಒಮ್ಮೆ ಕಂಡಿತೆಂದರೆ ದೇಹವೇ ಅದನ್ನು ಓಡಿಸುತ್ತದೆ. ಮಕ್ಕಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ನರುಲಿಗಳು ಎರಡು ವರ್ಷದೊಳಗೆ ಯಾವ ಮದ್ದೂ ಇಲ್ಲದೆ ಮಾಯವಾಗುತ್ತವೆ.

ಹೀಗಾಗಿ ಆ ಎರಡು ವರ್ಷಗಳಲ್ಲಿ ಕೊನೆಗೆ ಯಾವುದನ್ನು ಹಚ್ಚಿದ್ದರೋ ಅದಕ್ಕೆ ಹೆಸರು ಬರುತ್ತದೆ. ಉದುರುವ ಹಿಂದಿನ ವಾರ ಎಕ್ಕದ ಹಾಲು ಹಚ್ಚಿದ್ದರೆ ಎಕ್ಕಕ್ಕೆ, ಹರಕೆ ಹೊತ್ತಿದ್ದರೆ ದೇವರಿಗೆ. ಇದು ನಮ್ಮವರ ದಡ್ಡತನವಲ್ಲ. ಅಮೆರಿಕದ ವೈದ್ಯರೂ ಇದೇ ಸುಳಿಗೆ ಸಿಕ್ಕಿದ್ದಾರೆ. ಪೈಪಿಗೆ ಸುತ್ತುವ ಡಕ್ಟ್ ಟೇಪ್ ಅಂಟಿಸಿದರೆ ನರುಲಿ ಹೋಗುತ್ತದೆ ಎಂದು 2002ರ ಒಂದು ಅಧ್ಯಯನ ಹೇಳಿತು. 2006 ಮತ್ತು 2007ರಲ್ಲಿ ಬಂದ ಅಧ್ಯಯನಗಳಲ್ಲಿ ಆ ಫಲ ಕಾಣಲಿಲ್ಲ.

ಹಾಗೆಂದು ಹಳೆಯ ಮಾತುಗಳನ್ನೆಲ್ಲ ತೆಗೆದು ಹಾಕುವಂತಿಲ್ಲ. ಮೊದಲು ಎದ್ದ ದೊಡ್ಡ ನರುಲಿಯೇ ತಾಯಿ, ಅದನ್ನು ತೆಗೆದರೆ ಮರಿಗಳು ತಾವೇ ಉದುರುತ್ತವೆ ಎನ್ನುವವರಿದ್ದಾರೆ. ಮರಿಗಳು ತಾಯಿಯ ಬೇರಿಗೆ ಅಂಟಿಕೊಂಡಿಲ್ಲ, ನಿಜ. ಆದರೆ ಒಂದು ನರುಲಿಯನ್ನು ಕೆಣಕಿ ಉರಿಯೂತ ಎಬ್ಬಿಸಿದಾಗ ದೇಹ ಎಚ್ಚೆತ್ತು, ದೂರದಲ್ಲಿರುವ ಉಳಿದವುಗಳನ್ನೂ ಗುರುತಿಸುವುದುಂಟು. ದಾವಣಗೆರೆಯ ಜೆ.ಜೆ.ಎಂ. ವೈದ್ಯಕೀಯ ಕಾಲೇಜಿನ ಚರ್ಮವೈದ್ಯರು ಇದನ್ನೇ ಚಿಕಿತ್ಸೆಯ ದಾರಿಯಾಗಿ ಮಾಡಿಕೊಂಡರು. ಮೈತುಂಬ ನರುಲಿ ಇದ್ದವರಿಂದ ಒಂದು ಚೂರು ತೆಗೆದು ಅವರದೇ ಮುಂಗೈ ಚರ್ಮದಡಿ ಕೂರಿಸಿ, ಉಳಿದವು ಮಾಯವಾಗುವುದನ್ನು ಗಮನಿಸಿ 2009ರಲ್ಲಿ ಪ್ರಕಟಿಸಿದರು. ದೇಶದ ಹಲವು ಚರ್ಮವೈದ್ಯರು ಈಗ ಈ ವಿಧಾನ ಬಳಸುತ್ತಾರೆ. ಆ ಹಳೆಯ ಮಾತಿನಲ್ಲಿ ಕಾರಣ ತಪ್ಪಿತ್ತು, ಕಂಡದ್ದು ತಪ್ಪಿರಲಿಲ್ಲ. ನಾಡಮದ್ದನ್ನು ತೂಗುವಾಗ ಈ ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು.

ಎಕ್ಕದ ಹಾಲನ್ನೂ ಹಾಗೆಯೇ ನೋಡೋಣ. ಅದರಲ್ಲಿ ಮಾಂಸದ ನಾರನ್ನು ಕರಗಿಸುವ ಕಿಣ್ವಗಳಿವೆ, ಜೊತೆಗೆ ಹೃದಯದ ಮೇಲೆ ಪರಿಣಾಮ ಬೀರುವ ವಿಷಗಳೂ ಇವೆ. ನರುಲಿಯ ಗಟ್ಟಿ ಚರ್ಮವನ್ನು ಅದು ಮೆತ್ತಗೆ ಮಾಡುವುದು ಸುಳ್ಳಲ್ಲ. ಅಪಾಯ ಇರುವುದು ಬೆರಳಿನಲ್ಲಿ. ಹಾಲು ಹಚ್ಚಿದ ಬೆರಳಲ್ಲೇ ಮಗು ಕಣ್ಣು ಉಜ್ಜುತ್ತದೆ. ಎಕ್ಕದ ಹಾಲು ಕಣ್ಣಿಗೆ ಬಿದ್ದಾಗ ಹಲವು ಸಲ ನೋವೇ ಇರುವುದಿಲ್ಲ, ದೃಷ್ಟಿ ಮಾತ್ರ ಮಂಜಾಗುತ್ತದೆ. ನೋವಿಲ್ಲವೆಂದು ಮನೆಯವರು ಸುಮ್ಮನಿರುತ್ತಾರೆ. ಅಷ್ಟರಲ್ಲಿ ಕಣ್ಣಿನ ಕಪ್ಪುಗುಡ್ಡೆಯ ಒಳಪದರಕ್ಕೆ ಪೆಟ್ಟಾಗಿರುತ್ತದೆ. ಬೊಂತೆಗಳ್ಳಿಯ ಹಾಲು ಇನ್ನೂ ಉಗ್ರ: ಕಣ್ಣಿಗೆ ಬಿದ್ದರೆ ತಡೆಯಲಾರದ ಉರಿ, ಊತ. ಯಾವ ಗಿಡದ ಹಾಲೇ ಆಗಲಿ, ಕಣ್ಣಿಗೆ ಸಿಡಿದರೆ ಕೂಡಲೇ ಕೊಡಗಟ್ಟಲೆ ಶುದ್ಧ ನೀರು ಹಾಕಿ ತೊಳೆದು, ನೋವಿರಲಿ ಇಲ್ಲದಿರಲಿ ಕಣ್ಣಿನ ವೈದ್ಯರ ಬಳಿ ಓಡಬೇಕು.

ಕಳ್ಳಿಯ ಕುಲದ ಒಂದು ಚಿಕ್ಕ ಗಿಡದ ಹಾಲಿನಿಂದ ತೆಗೆದ ಇಂಜೆನಾಲ್ ಎಂಬ ಮುಲಾಮಿಗೆ, ಬಿಸಿಲಿನಿಂದಾಗುವ ಚರ್ಮದ ಒರಟು ಕಲೆಗಳಿಗೆಂದು 2012ರಲ್ಲಿ ಅಮೆರಿಕದಲ್ಲಿ ಮಂಜೂರಾತಿ ಸಿಕ್ಕಿತು. ನಾಡಮದ್ದು ಲ್ಯಾಬಿನಲ್ಲಿ ಗೆದ್ದಿತು ಎಂದು ಹಲವರು ಹಿಗ್ಗಿದರು. ಹಚ್ಚಿದ ಜಾಗದಲ್ಲಿ ಚರ್ಮದ ಕ್ಯಾನ್ಸರ್ ಹೆಚ್ಚಾಗಬಹುದೆಂಬ ಆತಂಕದಿಂದ 2020ರಲ್ಲಿ ಯುರೋಪು ಅದನ್ನು ಮಾರುಕಟ್ಟೆಯಿಂದ ತೆಗೆಯಿತು. ಶುದ್ಧ ಮಾಡಿ, ಅಳೆದು, ಟ್ಯೂಬಿನಲ್ಲಿ ತುಂಬಿದ್ದರ ಗತಿಯೇ ಇದಾದರೆ, ಬೇಲಿಯಿಂದ ಮುರಿದು ತಂದ ಕೊಂಬೆಯ ಅಳತೆ ಯಾರ ಕೈಯಲ್ಲಿದೆ?

ಸುಣ್ಣ–ಸೋಡಾದ ಲೆಕ್ಕ ಇನ್ನೂ ಸರಳ. ಒದ್ದೆ ಸುಣ್ಣಕ್ಕೆ ಬಟ್ಟೆ ಒಗೆಯುವ ಸೋಡಾ ಸೇರಿದರೆ ಹುಟ್ಟುವುದು ಕಾಸ್ಟಿಕ್ ಸೋಡಾ. ಅದು ನರುಲಿಯನ್ನೂ ಸುಡುತ್ತದೆ, ಮಚ್ಚೆಯನ್ನೂ ಸುಡುತ್ತದೆ, ಅಡಿಯ ಒಳ್ಳೆಯ ಚರ್ಮವನ್ನೂ ಬಿಡುವುದಿಲ್ಲ. ಆಮ್ಲದ ಸುಟ್ಟಗಾಯಕ್ಕಿಂತ ಕ್ಷಾರದ ಗಾಯ ಆಳಕ್ಕೆ ಇಳಿಯುತ್ತದೆ. ‘ಮಚ್ಚೆ ತೆಗೀತೀವಿ’ ಎಂದು ಸಂತೆ, ಜಾತ್ರೆಗಳಲ್ಲಿ ಕೂರುವವರ ಡಬ್ಬಿಯಲ್ಲಿರುವುದೂ ಸಾಮಾನ್ಯವಾಗಿ ಇಂಥ ಕ್ಷಾರವೇ. ಕೆನ್ನೆಯ ಮೇಲಿನ ಸಾಸಿವೆ ಕಾಳಿನಷ್ಟು ಮಚ್ಚೆ ಹೋದ ಜಾಗದಲ್ಲಿ ಬಿಳಿ ಕಲೆಯೋ ಉಬ್ಬಿದ ಗಂಟೋ ಉಳಿದು, ಅದೇ ಜೀವನಪೂರ್ತಿ ಕಾಡುತ್ತದೆ. ಬಟ್ಟೆಗೆ ಗುರುತು ಹಾಕಲು ಅಗಸರು ಬಳಸುತ್ತಿದ್ದ ಕರಿಗೇರಿನ ಎಣ್ಣೆಯೂ ಅಷ್ಟೇ. ಒಂದು ಹನಿ ಬಿದ್ದರೂ ಬೊಬ್ಬೆ ಏಳುತ್ತದೆ. ಆಯುರ್ವೇದ ಇದನ್ನು ಬಳಸುವುದು ಶುದ್ಧಿ ಮಾಡಿದ ನಂತರ, ಬಲ್ಲವರ ಕೈಯಿಂದ. ಮನೆಯಲ್ಲಿ ಇವೆರಡನ್ನೂ ಮುಟ್ಟಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಬ್ಲೇಡು, ಊದಿನಕಡ್ಡಿಯೂ ಅದೇ ಸಾಲಿಗೆ ಸೇರುತ್ತವೆ. ಮಣ್ಣು, ಸೆಗಣಿಯ ನಡುವೆ ದುಡಿಯುವ ಕೈಕಾಲಿಗೆ ತೆರೆದ ಗಾಯವೆಂದರೆ ಧನುರ್ವಾಯುವಿಗೆ ಬಾಗಿಲು.

ಹಾಗಾದರೆ ಮನೆಯಲ್ಲಿ ಏನು ಮಾಡಬಹುದು? ಸ್ಯಾಲಿಸಿಲಿಕ್ ಆಮ್ಲ. ಔಷಧದ ಅಂಗಡಿಯಲ್ಲಿ ಸಿಗುವ ಈ ದ್ರಾವಣ ಹೊಸದೇನಲ್ಲ, ಮೂಲದಲ್ಲಿ ಇದು ವಿಲ್ಲೋ ಎಂಬ ಮರದ ತೊಗಟೆಯ ನಾಡಮದ್ದಿನಿಂದಲೇ ಬಂದದ್ದು. ನರುಲಿಯ ಮದ್ದುಗಳಲ್ಲಿ ಅತಿ ಹೆಚ್ಚು ಪರೀಕ್ಷೆಗೆ ಒಳಗಾಗಿ ಗೆದ್ದದ್ದೂ ಇದೇ. ರಾತ್ರಿ ಆ ಜಾಗವನ್ನು ಹತ್ತು ನಿಮಿಷ ಬೆಚ್ಚಗಿನ ನೀರಿನಲ್ಲಿ ನೆನೆಸಿ, ಸತ್ತ ಚರ್ಮವನ್ನು ಮೆಲ್ಲಗೆ ಉಜ್ಜಿ ತೆಗೆದು, ಸುತ್ತಲಿನ ಚರ್ಮಕ್ಕೆ ವ್ಯಾಸಲೀನ್ ಸವರಿ, ನರುಲಿಯ ಮೇಲೆ ಮಾತ್ರ ಹಚ್ಚಬೇಕು. ಮೂರು ತಿಂಗಳ ತನಕ ತಾಳ್ಮೆ ಬೇಕು. ಉಜ್ಜುವ ಕಲ್ಲನ್ನು ಮನೆಯ ಬೇರೆಯವರು ಬಳಸಬಾರದು, ವೈರಸ್ ಅದರಲ್ಲೇ ದಾಟುತ್ತದೆ. ಮುಖಕ್ಕೆ, ಗುಪ್ತಾಂಗಕ್ಕೆ ಇದು ಬೇಡ. ಅಲ್ಲಿ ಎದ್ದದ್ದನ್ನು ವೈದ್ಯರೇ ನೋಡಬೇಕು. ಇಷ್ಟೂ ಬೇಡವೆನಿಸಿದರೆ, ಮಗುವಿಗೆ ನೋವಿಲ್ಲದಿದ್ದರೆ, ಸುಮ್ಮನೆ ಬಿಡುವುದೂ ಒಂದು ಮದ್ದು. ಮಕ್ಕಳ ಮೈಮೇಲೆ ಮುತ್ತಿನಂತೆ ಹೊಳೆಯುವ, ನಡುವೆ ಚುಕ್ಕಿಯಷ್ಟು ತಗ್ಗಿರುವ ಗುಳ್ಳೆಗಳೂ ಬೇರೊಂದು ವೈರಸ್‌ನಿಂದ ಬರುವಂಥವು. ಅವನ್ನು ಚಿವುಟದಿದ್ದರೆ ಸಾಮಾನ್ಯವಾಗಿ ಆರರಿಂದ ಹದಿನೆಂಟು ತಿಂಗಳಲ್ಲಿ ತಾವೇ ಹೋಗುತ್ತವೆ.

ಅಂಗಾಲಿನ ಕಥೆ ಬೇರೆ, ನಮ್ಮ ಜಿಲ್ಲೆಯಲ್ಲಿ ಅದು ನೆಲದ ಕಥೆಯೂ ಹೌದು. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟು ಎದ್ದು ಎಡದಂಡೆಗೆ ನೀರು ಹರಿದ ಮೇಲೆ ಗಂಗಾವತಿ ಭತ್ತದ ಸೀಮೆಯಾಯಿತು. ಅಲ್ಲಿ ನಾಟಿ ಮಾಡುವ ಹೆಣ್ಣುಮಕ್ಕಳ ಕಾಲು ದಿನವಿಡೀ ಕೆಸರಿನಲ್ಲಿ ನೆನೆಯುತ್ತದೆ. ನೆಂದು ಬಿಳಿಚಿದ ಚರ್ಮಕ್ಕೆ ನರುಲಿ ವೈರಸ್ ಸುಲಭವಾಗಿ ನುಗ್ಗುತ್ತದೆ. ಕುಷ್ಟಗಿ, ಯಲಬುರ್ಗಾದ ಮಳೆಯಾಶ್ರಿತ ಹೊಲಗಳಲ್ಲಿ ಕಲ್ಲುಹರಳು, ಜಾಲಿಮುಳ್ಳು. ಕುರಿ ಹಿಂಡಿನ ಹಿಂದೆ, ಸಜ್ಜೆ ಹೊಲದ ಬದುವಿನಲ್ಲಿ ಸವೆದ ಚಪ್ಪಲಿಯಲ್ಲೋ ಬರಿಗಾಲಲ್ಲೋ ನಡೆಯುವವರಿಗೆ ಆಣಿ. ಕಲ್ಲುಹರಳಿನ ಒತ್ತಡದಿಂದ, ಮುಳ್ಳಿನ ಗಾಯದಿಂದ ಕಾಲಲ್ಲಿ ಗಟ್ಟಿ ಗಂಟು ಕಟ್ಟುತ್ತದೆ ಎಂದು ಸುಶ್ರುತ ಸಂಹಿತೆ ಕದರ ಎಂಬ ಹೆಸರಿನಲ್ಲಿ ವಿವರಿಸಿದೆ. ಕತ್ತರಿಸಿ, ಕಾದ ಎಣ್ಣೆಯಿಂದ ಸುಡುವ ಚಿಕಿತ್ಸೆಯನ್ನೂ ಹೇಳಿದೆ. ಆಯುರ್ವೇದ ಆಸ್ಪತ್ರೆಗಳಲ್ಲಿ ಅಗ್ನಿಕರ್ಮದ ರೂಪದಲ್ಲಿ ಅದು ಇಂದಿಗೂ ಉಳಿದಿದೆ.

ಆಣಿ ವೈರಸ್ ಅಲ್ಲ, ಒಬ್ಬರಿಂದೊಬ್ಬರಿಗೆ ಹರಡುವುದಿಲ್ಲ. ಎರಡನ್ನೂ ಗುರುತಿಸುವುದು ಕಷ್ಟವೇನಲ್ಲ. ಮೇಲಿನಿಂದ ಒತ್ತಿದಾಗ ನೋಯುವುದು ಸಾಮಾನ್ಯವಾಗಿ ಆಣಿ, ಎರಡು ಬದಿಯಿಂದ ಚಿವುಟಿದಾಗ ನೋಯುವುದು ನರುಲಿ. ಚರ್ಮದ ಗೆರೆಗಳು ಆಣಿಯ ಮೇಲೂ ಹಾದುಹೋಗುತ್ತವೆ, ನರುಲಿಯ ಅಂಚಿಗೆ ಬಂದು ನಿಲ್ಲುತ್ತವೆ. ನರುಲಿಯೊಳಗೆ ಕಪ್ಪು ಚುಕ್ಕಿಗಳೂ ಕಾಣುತ್ತವೆ, ಅವು ಹೆಪ್ಪುಗಟ್ಟಿದ ಸಣ್ಣ ರಕ್ತನಾಳಗಳು. ಆಣಿಗೆ ಮೊದಲ ಮದ್ದು ಮೆತ್ತನೆಯ, ಅಳತೆಗೆ ಸರಿಯಾದ ಚಪ್ಪಲಿ. ರಾತ್ರಿ ಬೆಚ್ಚಗಿನ ನೀರು, ಮೇಲೆ ಔಡಲ ಎಣ್ಣೆ. ಇದು ನಮ್ಮ ಅಜ್ಜಿಯರ ಪದ್ಧತಿ, ಕೈಬಿಡುವ ಕಾರಣವೇ ಇಲ್ಲ.

ಆದರೆ ಸಕ್ಕರೆ ಕಾಯಿಲೆ ಇದ್ದವರಿಗೆ, ಚಪ್ಪಲಿಯದೊಂದನ್ನು ಬಿಟ್ಟು, ಈ ಯಾವ ಸಲಹೆಯೂ ಅನ್ವಯಿಸುವುದಿಲ್ಲ. ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುವ ಕಾರ್ನ್ ಕ್ಯಾಪ್ ಪಟ್ಟಿಯಲ್ಲಿ ಸಾಮಾನ್ಯವಾಗಿ ಶೇ 40ರಷ್ಟು ಸ್ಯಾಲಿಸಿಲಿಕ್ ಆಮ್ಲವಿರುತ್ತದೆ. ಸ್ಪರ್ಶ ಕಳೆದುಕೊಂಡ ಕಾಲಿಗೆ ಅದು ಸುಡುವುದು ಗೊತ್ತೇ ಆಗುವುದಿಲ್ಲ. ಆಣಿ ಗಾಯವಾಗಿ, ಗಾಯ ಕೀವಾಗಿ, ಬೆರಳು ಕಳೆದುಕೊಳ್ಳುವ ತನಕ ಹೋಗಬಹುದು. ಸಕ್ಕರೆ ಕಾಯಿಲೆ ಇದೆಯೇ ಎಂದು ಒಂದು ಮಾತು ಕೇಳದೆ ಈ ಪಟ್ಟಿಯನ್ನು ಮಾರಬೇಡಿ ಎಂದು ಔಷಧದ ಅಂಗಡಿಯವರನ್ನು ಕೈಮುಗಿದು ಕೇಳುತ್ತೇನೆ.

ಕುತ್ತಿಗೆ, ಕಂಕುಳಲ್ಲಿ ಜೋತು ಬೀಳುವ ಮೆತ್ತನೆಯ ಚಿಕ್ಕ ತೊಗಲು ನರುಲಿಯಲ್ಲ, ಅಂಟುರೋಗವೂ ಅಲ್ಲ. ತಾಳಿ ಸರ, ರವಿಕೆಯ ಅಂಚು ಉಜ್ಜುವ ಕಡೆ ಹೆಚ್ಚು. ವಯಸ್ಸಾದಂತೆ, ತೂಕ ಏರಿದಂತೆ, ಬಸುರಿಯಲ್ಲಿ ಏಳುತ್ತದೆ. ಕುದುರೆ ಕೂದಲು ಕಟ್ಟಿದರೆ ಉದುರುವುದು ಇದೇ, ಏಕೆಂದರೆ ಇದಕ್ಕೆ ಕಟ್ಟಲು ತೊಟ್ಟು ಇರುತ್ತದೆ. ದಾರ ಕಟ್ಟಿ ರಕ್ತ ತಡೆಯುವ ತಂತ್ರವನ್ನು ವೈದ್ಯರೂ ಬಳಸುತ್ತಾರೆ. ಆದರೆ ಅವರ ದಾರ ಶುದ್ಧ, ಕೈ ಶುದ್ಧ. ಅದಕ್ಕಿಂತ ಮುಖ್ಯ ಮಾತು ಇನ್ನೊಂದಿದೆ. ಇಂಥ ತೊಗಲುಗಳು ಗುಂಪಾಗಿ ಎದ್ದು, ಕುತ್ತಿಗೆ ಮಖಮಲ್ಲಿನಂತೆ ಕಪ್ಪಾಗಿ ದಪ್ಪಗಾಗಿದ್ದರೆ, ಅದು ತಿಕ್ಕಿದರೆ ಹೋಗುವ ಕೊಳೆಯಲ್ಲ. ದೇಹ ಇನ್ಸುಲಿನ್ ಮಾತು ಕೇಳುತ್ತಿಲ್ಲ ಎಂಬುದರ ಗುರುತು. ಕೂದಲು ಹುಡುಕುವ ಮೊದಲು ಬೆಳಗಿನ ಖಾಲಿ ಹೊಟ್ಟೆಯಲ್ಲಿ ರಕ್ತದ ಸಕ್ಕರೆ ನೋಡಿಸಬೇಕು.

ನಿರುಪದ್ರವಿ ಎಂದು ಮನೆಯವರು ತೀರ್ಮಾನಿಸಿದ ಎಲ್ಲವೂ ನಿರುಪದ್ರವಿಯಲ್ಲ. ನಮ್ಮಂಥ ಕಪ್ಪು ಮೈಬಣ್ಣದವರಲ್ಲಿ ಮಚ್ಚೆಯ ಕ್ಯಾನ್ಸರ್ ಅಪರೂಪ. ಬಂದರೆ ಹೆಚ್ಚಾಗಿ ಬರುವುದು ಅಂಗಾಲು, ಅಂಗೈ, ಉಗುರಿನ ಅಡಿಯಲ್ಲಿ. ಮುಳ್ಳು ಚುಚ್ಚಿದ್ದೋ ಆಣಿಯೋ ಎಂದುಕೊಂಡು ತಿಂಗಳುಗಟ್ಟಲೆ ಸೊಪ್ಪು ಕಟ್ಟುವುದು ಇಂಥದಕ್ಕೇ. ಬಣ್ಣ, ಅಂಚು, ಅಳತೆ ಬದಲಾಗುತ್ತಿರುವ ಮಚ್ಚೆ, ತಾನಾಗಿ ರಕ್ತ ಒಸರುವ ಗಂಟು, ತಿಂಗಳು ಕಳೆದರೂ ಮಾಯದ ಹುಣ್ಣು, ಹಳೆಯ ಸುಟ್ಟಗಾಯದ ಕಲೆಯ ಮೇಲೆ ಎದ್ದ ಹೊಸ ಬೆಳವಣಿಗೆ: ಇವುಗಳಿಗೆ ಯಾವ ಮನೆಮದ್ದೂ ಇಲ್ಲ. ಸ್ಪರ್ಶವಿಲ್ಲದ ತಿಳಿಬಣ್ಣದ ಮಚ್ಚೆ ಕುಷ್ಠದ್ದಿರಬಹುದು. ಅದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಪೂರ್ತಿ ಗುಣವಾಗುವ ಔಷಧ ಉಚಿತವಾಗಿ ಸಿಗುತ್ತದೆ.

ಕೊಪ್ಪಳದಲ್ಲಿ 2015ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಗವಿಸಿದ್ಧೇಶ್ವರರ ಹೆಸರಿನ ಆಯುರ್ವೇದ ಕಾಲೇಜೂ ಅದೇ ಊರಿನಲ್ಲಿದೆ. ಎರಡೂ ಕಡೆಯ ವೈದ್ಯರು ಒಂದು ದಿನ ಕೂತು, ಈ ಜಿಲ್ಲೆಯ ಮನೆಮದ್ದುಗಳಲ್ಲಿ ಯಾವುದು ಉಳಿಯಲಿ, ಯಾವುದು ಹೋಗಲಿ ಎಂದು ಒಂದೇ ಪುಟದಲ್ಲಿ ಬರೆದು ಆಶಾ ಕಾರ್ಯಕರ್ತೆಯರ ಕೈಗೆ ಕೊಡಬಾರದೇಕೆ? ಅದು ಆಗುವ ತನಕ ಓದುಗರಲ್ಲಿ ಒಂದು ವಿನಂತಿ. ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವ ಹಿರಿಯರಿದ್ದರೆ ಇವತ್ತೇ ಅವರ ಎರಡೂ ಅಂಗಾಲುಗಳನ್ನು ಬೆಳಕಿನಲ್ಲಿ ನೋಡಿ. ಆಣಿಯೋ, ಕಪ್ಪು ಕಲೆಯೋ, ನೋವಿಲ್ಲದ ಗಾಯವೋ ಕಂಡರೆ ಎಕ್ಕವನ್ನೂ ಹುಡುಕಬೇಡಿ, ಕಾರ್ನ್ ಕ್ಯಾಪನ್ನೂ ತರಬೇಡಿ. ಮರುದಿನ ಬೆಳಿಗ್ಗೆ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ.